ಸುರಪುರದ ದಾರಿಯಲ್ಲಿ ನಮ್ಮ ನೀರಿನ ಗಾಡಿ

ಗಾಡಿಯೊಳಗೆ ಆರು ಜನ ಮಲಗಲು ಜಾಗ ಮಾಡಿಕೊಳ್ಳುವುದು ಅಂಥ ಕಷ್ಟವಲ್ಲ. ನೀರಿಗೆ ಜಾಗ ಮಾಡುವುದೇ ಕಷ್ಟ. ಕಲಬುರಗಿಯಲ್ಲಿರುವ ನನ್ನ ಮೈದುನ ಹಳೆಯದೊಂದು ಟೆಂಪೊ ಟ್ರಾವೆಲರ್ ಕೊಂಡು, ಆರ್‌ಟಿಒ ಅನುಮತಿ ಪಡೆದು, ಹಿಂದಿನ ಸೀಟುಗಳನ್ನು ತೆಗೆಸಿ ಹಲಗೆ ಮಂಚ ಹಾಕಿಸಿದ್ದ. ಒಂದು ಮೂಲೆಯಲ್ಲಿ ಗ್ಯಾಸ್ ಒಲೆ, ಅದರ ಪಕ್ಕ ಪುಟ್ಟ ಸಿಂಕ್. ಡಿಸೆಂಬರ್ ರಜೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಸುತ್ತಿ ಬರೋಣವೆಂದು ಎಲ್ಲರೂ ಒಪ್ಪಿದೆವು. ಅತ್ತೆಯ ತವರು ಅದೇ ಸೀಮೆ. "ಅಲ್ಲಿ ನೀರು ನೋಡಿ ಕುಡಿಬೇಕವ್ವಾ" ಎಂದು ಅವರು ಮೊದಲೇ ಹೇಳಿದ್ದರು.

ಹಾಗಾಗಿ ಹೊರಡುವ ಹಿಂದಿನ ವಾರ ಪೂರ್ತಿ ಫಿಲ್ಟರ್ ಕೂಡಿಸುವ ಕೆಲಸ. 60 ಲೀಟರಿನ ಟ್ಯಾಂಕು. ಲೀಟರಿಗೆ ಒಂದು ಕಿಲೋ ಎಂದರೆ ತುಂಬಿದಾಗ 60 ಕಿಲೋ, ಒಬ್ಬ ಮನುಷ್ಯನನ್ನು ಹೆಚ್ಚಿಗೆ ಹತ್ತಿಸಿಕೊಂಡ ಹಾಗೆ. ಅದನ್ನು ಮೇಲೆಲ್ಲೋ ಇಟ್ಟರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಅದಕ್ಕೇ ನೆಲಕ್ಕೆ ಅಂಟಿದಂತೆ, ಹಿಂದಿನ ಚಕ್ರದ ಹತ್ತಿರ ಪಟ್ಟಿ ಬಿಗಿದು ಕೂಡಿಸಿದರು. ಟ್ಯಾಂಕಿನಿಂದ ಬ್ಯಾಟರಿಯ 12 ವೋಲ್ಟಿನಲ್ಲಿ ಓಡುವ ಸಣ್ಣ ಪಂಪು. ಪಂಪಿಗೆ ಮೊದಲು ಕಸ ತಡೆಯುವ ಜಾಲರಿ, ಪಂಪಿನ ನಂತರ ಸಾಲಾಗಿ ಮೂರು ಕೊಳವೆ: ಮಣ್ಣು ಹಿಡಿಯುವ 5 ಮೈಕ್ರಾನಿನ ನೂಲಿನ ಫಿಲ್ಟರ್, ವಾಸನೆ ಮತ್ತು ಕ್ಲೋರಿನ್ ಹೀರುವ ಇದ್ದಿಲಿನ ಫಿಲ್ಟರ್, ಕೊನೆಗೆ ರೋಗಾಣುಗಳನ್ನು ತಡೆಯುವ ಯುಎಫ್ ಎಂಬ ಬಹಳ ಸಣ್ಣ ರಂಧ್ರಗಳ ಪೊರೆ. ನಮ್ಮ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಆ ಪೊರೆಯ ರಂಧ್ರ ಒಂದು ಮೈಕ್ರಾನಿನ ನೂರನೇ ಒಂದು ಭಾಗ. ಇದನ್ನು ಕೇಳಿ ಮಗ ತನ್ನದೊಂದು ಕೂದಲು ಕಿತ್ತು ಬೆಳಕಿಗೆ ಹಿಡಿದು ನೋಡಿದ.

ಇಲ್ಲಿ ಒಂದು ಮಾತು. ಮನೆಯಲ್ಲಾದರೆ ಫಿಲ್ಟರ್ ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಗಾಡಿಯಲ್ಲಿ ದಿನವಿಡೀ ಕುಣಿಯುತ್ತದೆ. ಜೋಡಣೆಗಳಿಗೆ ಟೆಫ್ಲಾನ್ ಟೇಪು ಸುತ್ತಿದರಷ್ಟೇ ಸಾಲದು, ಕೊಳವೆಗಳನ್ನು ನಿಲ್ಲಿಸುವ ಹಲಗೆಗೆ ರಬ್ಬರ್ ತುಂಡು ಕೊಡಬೇಕು. ಫಿಲ್ಟರಿನ ಬಟ್ಟಲು ಬಿಚ್ಚಲು ಕೆಳಗೆ ಒಂದು ಗೇಣು ಜಾಗ ಬಿಡಬೇಕು. ಟ್ಯಾಂಕಿನ ತಳಕ್ಕೆ ನೀರು ಖಾಲಿ ಮಾಡುವ ನಲ್ಲಿ ಇರಲೇಬೇಕು. ನಿಂತ ನೀರು ಬಿಸಿಲಿಗೆ ಬಿದ್ದರೆ ಫಿಲ್ಟರಿನೊಳಗೇ ರೋಗಾಣು ಸಂಸಾರ ಹೂಡುತ್ತವೆ. ಯಾದಗಿರಿಯ ಬೇಸಿಗೆ 40 ಡಿಗ್ರಿ ದಾಟುವಂಥದ್ದು.

ಮೈದುನನಿಗೆ ಆರ್‌ಒ ಹಾಕಿಸುವ ಆಸೆ. "ವೈನಿ, ಆರ್‌ಒ ಇದ್ರ ಯಾವ ನೀರಾದ್ರೂ ಕುಡಿಬಹುದು" ಎಂದ. ಆರ್‌ಒ ನೀರಲ್ಲಿ ಕರಗಿದ ಲವಣವನ್ನೂ ತೆಗೆಯುತ್ತದೆ, ಅದು ನಿಜ. ಆದರೆ ಒಂದು ಪಾಲು ಕುಡಿಯುವ ನೀರು ಕೊಡಲು ಎರಡು ಮೂರು ಪಾಲು ಹೊರಗೆ ಚೆಲ್ಲುತ್ತದೆ. 60 ಲೀಟರ್ ತುಂಬಿಕೊಂಡು ಹೊರಟರೆ ಕೈಗೆ ಸಿಗುವುದು 20 ಲೀಟರ್. ಜೋರು ಒತ್ತಡವೂ ಬೇಕು, ಬ್ಯಾಟರಿ ಬೇಗ ಇಳಿಯುತ್ತದೆ. ನಾನು ಬೇಡವೆಂದೆ. ಟ್ಯಾಂಕಿನ ನೀರು ಪಾತ್ರೆ ತೊಳೆಯಲು, ಕೈಕಾಲಿಗೆ. ಊರ ನೀರು ಒಳ್ಳೆಯದೆಂದು ಗೊತ್ತಾದ ಕಡೆ ಅದನ್ನೇ ಫಿಲ್ಟರಿನಿಂದ ಹಾಯಿಸಿ ಕುಡಿಯುವುದು. ಗೊತ್ತಿಲ್ಲದ ಕಡೆ ಕ್ಯಾನಿನ ನೀರು. ಎರಡು ಕ್ಯಾನ್ ಮಂಚದ ಕೆಳಗೆ ಇಟ್ಟೆವು.

2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆ ಹುಟ್ಟಿತು. ಮುಂಬೈ–ಚೆನ್ನೈ ರೈಲಿನಲ್ಲಿ ಹೋಗುವವರಿಗೆ ವಾಡಿ, ರಾಯಚೂರುಗಳ ನಡುವೆ ಬಂದು ಹೋಗುವ ಸ್ಟೇಷನ್ನು. ಅಲ್ಲಿ ಇಳಿದವರಿಗೆ ಊರಿನ ನೆತ್ತಿಯ ಮೇಲೆಯೇ ಒಂದು ಕೋಟೆ. ಬೆಳಿಗ್ಗೆಯೇ ಹತ್ತಿದೆವು. ಬಂಡೆಗಳ ನಡುವೆ ಹಸಿರು ನೀರು ತುಂಬಿದ ಹೊಂಡಗಳು. ಮುತ್ತಿಗೆ ಬಿದ್ದ ಕೋಟೆಗೆ ಅನ್ನಕ್ಕಿಂತ ಮೊದಲು ಮುಗಿಯುವುದು ನೀರು, ಅದಕ್ಕೆ ಮಳೆಯ ಒಂದೊಂದು ಹನಿಯನ್ನೂ ಬಂಡೆಯ ಮೇಲೆಯೇ ಹಿಡಿದಿಟ್ಟಿದ್ದಾರೆ. ಮೇಲಿಂದ ನೋಡಿದರೆ ಊರಾಚೆ ಭೀಮಾ ನದಿ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುವ ಇದೇ ನದಿ ಬೇಸಿಗೆಯಲ್ಲಿ ಮರಳಿನ ನಡುವೆ ಹುಡುಕಿಕೊಳ್ಳಬೇಕಾದ ಗೆರೆ.

ಕೆಸರು ನೀರಿಗೆ ಅತ್ತೆಯ ಬಳಿ ಮದ್ದಿದೆ. ಹರವಿಯ ನೀರಿನಲ್ಲಿ ಪಟಿಕದ ಗಡ್ಡೆಯನ್ನು ನಾಲ್ಕು ಸುತ್ತು ಆಡಿಸಿ ಬಿಟ್ಟರೆ ಬೆಳಗಾಗುವುದರೊಳಗೆ ಮಣ್ಣೆಲ್ಲ ತಳಕ್ಕೆ. ನಗರದ ನೀರು ಶುದ್ಧೀಕರಣ ಘಟಕದಲ್ಲೂ ಮೊದಲ ಹೆಜ್ಜೆ ಇದೇ ಪಟಿಕದ್ದು. ನಮ್ಮ ನೂಲಿನ ಫಿಲ್ಟರ್ ಮಾಡುವುದೂ ಹೆಚ್ಚುಕಮ್ಮಿ ಅದೇ ಕೆಲಸ, ತುಸು ಅವಸರದಲ್ಲಿ.

ಅತ್ತೆಯ ಇನ್ನೊಂದು ಪರೀಕ್ಷೆ ಬೇಳೆಯದು. ಇದು ತೊಗರಿಯ ನಾಡು. ಗಡಸು ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕರಗುವುದಿಲ್ಲ. ನೀರಿನಲ್ಲಿರುವ ಸುಣ್ಣದಂಶ ಬೇಳೆಯನ್ನು ಬಿಗಿದು ಹಿಡಿಯುತ್ತದೆ. ಯಾದಗಿರಿಯಲ್ಲಿ ಗಾಡಿ ನಿಲ್ಲಿಸಿದ ಕಡೆ ಬೋರಿನ ನೀರಲ್ಲಿ ಬೇಳೆಗಿಟ್ಟು "ಬ್ಯಾಳಿ ಕುದಿವಲ್ದು, ಸವುಳ ನೀರು" ಎಂದು ತೀರ್ಪು ಕೊಟ್ಟರು. ಮೈದುನ ಟಿಡಿಎಸ್ ಮೀಟರ್ ಎಂಬ ಪೆನ್ನಿನಂಥ ಸಾಧನವನ್ನು ಅದ್ದಿ ನೋಡಿದ. 1100 ಎಂದು ತೋರಿಸಿತು. ಕುಡಿಯುವ ನೀರಿನಲ್ಲಿ 500ರೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಸೊಸೆಯಾದ ನಾನು ಹೇಳಬಾರದು, ಆದರೂ ಮೀಟರಿಗಿಂತ ಬೇಳೆಯ ತೀರ್ಪು ಐದು ನಿಮಿಷ ತಡ, ಅಷ್ಟೇ.

ಭೀಮಾ ಸೇತುವೆ ದಾಟಿ ಶಹಾಪುರದತ್ತ ಹೊರಟರೆ ನೋಟ ಬದಲಾಗುತ್ತದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಬಂದ ಮೇಲೆ ಜೋಳ, ತೊಗರಿಯ ಹೊಲಗಳ ನಡುವೆ ಭತ್ತದ ಗದ್ದೆಗಳೂ ಬಂದಿವೆ. ಭೀಮರಾಯನಗುಡಿಯ ಕಡೆಯಿಂದ ಶಹಾಪುರದ ಗುಡ್ಡಸಾಲನ್ನು ನೋಡಬೇಕು. ಹಣೆ, ಮೂಗು, ಎದೆ ಎಲ್ಲ ಸ್ಪಷ್ಟವಾಗಿ, ಬುದ್ಧ ಅಂಗಾತ ಮಲಗಿದ್ದಾನೆ. ನಾಲ್ಕು ಬೆಟ್ಟ ಒಂದರ ಪಕ್ಕ ಒಂದು ನಿಂತು ಆಗಿರುವ ಚಿತ್ರ ಅದು. ಗಾಡಿ ಮುಂದೆ ಹೋದ ಹಾಗೆ ಬುದ್ಧ ಕರಗಿ ಬರಿಯ ಬಂಡೆಗಳಾಗುತ್ತಾನೆ. ಮಕ್ಕಳ ಒತ್ತಾಯಕ್ಕೆ ಗಾಡಿಯನ್ನು ಎರಡು ಸಲ ಹಿಂದೆ ಮುಂದೆ ಓಡಿಸಬೇಕಾಯಿತು.

ಶಹಾಪುರ ದಾಟಿ ಸುರಪುರದ ಕಡೆಗೆ ಹೋಗುವಾಗ ಒಂದು ಸಣ್ಣ ಊರಿನಲ್ಲಿ ಟ್ಯಾಂಕು ತುಂಬಿಸಲು ನಿಂತೆವು. ಕೈಪಂಪಿನ ನೀರು ಕನ್ನಡಿಯ ಹಾಗೆ ತಿಳಿ. ಬಾಯಿಗೆ ಹಾಕಿಕೊಂಡರೆ ಸಿಹಿ. ಮೀಟರು 480 ತೋರಿಸಿತು. ಅತ್ತೆಗೂ ಖುಷಿ, "ಇದರಾಗ ಬ್ಯಾಳಿ ಬೆಣ್ಣಿ ಆಗ್ತದ" ಎಂದರು. ಮೈದುನ ಕ್ಯಾನಿಗೂ ಹಿಡಿಯಲು ಹೋದಾಗ ಕೊಡ ಹೊತ್ತು ಬಂದ ಒಬ್ಬಾಕೆ ತಡೆದರು. "ಕುಡಿಲಿಕ್ಕ ಹಿಡಿಬ್ಯಾಡ್ರಿ ಅಣ್ಣಾರ. ಇದು ಬಟ್ಟಿ ಒಗಿಲಿಕ್ಕಷ್ಟ." ಪಂಪಿನ ಹಿಡಿಕೆಗೆ ಬಳಿದಿದ್ದ ಮಾಸಿದ ಕೆಂಪು ಬಣ್ಣವನ್ನು ತೋರಿಸಿದರು. ಕುಡಿಯಬಾರದ ನೀರಿನ ಗುರುತು ಅದು.

ಆಕೆ ಊರಿನಲ್ಲಿ ನೀರು ಪರೀಕ್ಷೆ ಮಾಡಲು ತರಬೇತಿ ಪಡೆದವರು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಈ ಕೆಲಸ ಕಲಿಸುವ ವ್ಯವಸ್ಥೆ ಇದೆ. ಮಗಳು ಕೇಳಿದ್ದಕ್ಕೆ ಮನೆಯಿಂದ ಪೆಟ್ಟಿಗೆ ತಂದು, ಸಣ್ಣ ಶೀಶೆಗೆ ನೀರು ಹಾಕಿ, ಮದ್ದಿನ ನಾಲ್ಕು ಹನಿ ಬಿಟ್ಟು ಅಲುಗಿಸಿದರು. ಗುಲಾಬಿ ಬಣ್ಣ ಹಳದಿಗೆ ತಿರುಗಿತು. ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಫ್ಲೋರೈಡ್ ಮಿತಿ ಮೀರಿತ್ತು. ಲೀಟರಿಗೆ 1 ಮಿಲಿಗ್ರಾಮ್ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೂ 1.5 ದಾಟಬಾರದು.

ಬುದ್ಧನ ಆಕಾರ ತಾಳಿ ನಿಂತ ಬೆಣಚುಗಲ್ಲಿನಂಥ ಗಟ್ಟಿ ಶಿಲೆಗಳೇ ನೆಲದಡಿಯಲ್ಲೂ ಹಬ್ಬಿವೆ. ಬೋರು ಆಳಕ್ಕೆ ಹೋದಷ್ಟೂ ನೀರು ಆ ಕಲ್ಲಿನೊಂದಿಗೆ ವರ್ಷಗಟ್ಟಲೆ ಇದ್ದು ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ. ತಮಾಷೆಯೆಂದರೆ, ಸುಣ್ಣದಂಶ ಕಡಿಮೆ ಇರುವ ಮೆದು ನೀರಿನಲ್ಲೇ ಅದು ಹೆಚ್ಚಾಗಿ ಕರಗುತ್ತದೆ. ಅಂದರೆ ಬೇಳೆ ಚೆನ್ನಾಗಿ ಬೇಯುವ, ನಾಲಿಗೆಗೆ ಸಿಹಿಯಾದ ನೀರೇ ಇಲ್ಲಿ ಅನುಮಾನದ್ದು. ಟಿಡಿಎಸ್ ಮೀಟರು ಎಲ್ಲ ಲವಣವನ್ನೂ ಸೇರಿಸಿ ಒಂದು ಅಂಕಿ ಹೇಳುತ್ತದೆ, ಯಾವುದು ಎಷ್ಟು ಎಂದು ಹೇಳುವುದಿಲ್ಲ. ನಮ್ಮ ಮೂರು ಕೊಳವೆಗಳೂ ಫ್ಲೋರೈಡನ್ನು ತಡೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಮಂದವಾಗುತ್ತದೆ.

ಮಾತಾಡುತ್ತಿರುವಾಗ ಆಕೆಯ ಮಗಳು ಬಂದು ನಿಂತಳು. ನನ್ನ ಮಗಳಷ್ಟೇ ವಯಸ್ಸು, ಹನ್ನೊಂದು. ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಹಲ್ಲಿನ ಮೇಲೆ ಕಂದು ಗೆರೆಗಳು. ಹಲ್ಲಿನ ಹೊರಕವಚ ಒಸಡಿನೊಳಗೆ ರೂಪುಗೊಳ್ಳುವ ಎಳೆವಯಸ್ಸಿನಲ್ಲಿ, ಸುಮಾರು ಎಂಟು ವರ್ಷದವರೆಗೆ, ಇಂಥ ನೀರು ಕುಡಿದರೆ ಬರುವ ಕಲೆ ಅದು. ಹಲ್ಲು ಉಜ್ಜದೆ ಬಂದದ್ದಲ್ಲ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಹಳ ವರ್ಷ ಕುಡಿದವರಿಗೆ ಮೂಳೆ, ಕೀಲುಗಳೂ ಬಿಗಿಯುತ್ತವೆ. "ಸಾಲ್ಯಾಗ ಹುಡುಗರು ನಗ್ತಾರ್ರಿ" ಎಂದರು ತಾಯಿ. ನನ್ನ ಮಗನಿಗೆ ಏಳು ವರ್ಷ. ಅವನ ಕೈಯಲ್ಲಿದ್ದ ಲೋಟವನ್ನು ನಾನು ಸದ್ದಿಲ್ಲದೆ ಇಸಿದುಕೊಂಡೆ. ನಾವು ಸಂಜೆಗೆ ಮುಂದಿನ ಊರಿಗೆ ಹೋಗುವವರು, ಒಂದು ಲೋಟದಿಂದ ಏನೂ ಆಗುವುದಿಲ್ಲ; ಅದು ಗೊತ್ತಿದ್ದೂ ಇಸಿದುಕೊಂಡೆ. ಆ ಹುಡುಗಿ ಅದನ್ನು ನೋಡಿದಳು.

ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಎಲ್ಲರೂ ಅದನ್ನು 'ಫಿಲ್ಟರ್' ಎನ್ನುತ್ತಾರೆ. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನು. ಒಳಗಿರುವುದು ದೊಡ್ಡ ಆರ್‌ಒ ಯಂತ್ರವೇ. ಕರೆಂಟು ಹೋದರೆ, ಯಂತ್ರ ಕೆಟ್ಟು ರಿಪೇರಿಯವರು ಬಾರದಿದ್ದರೆ ಜನ ಮತ್ತೆ ಕೆಂಪು ಹಿಡಿಕೆಯ ಪಂಪಿಗೆ. "ಹೋದ ವರ್ಷ ಎರಡು ತಿಂಗಳು ಬಂದ್ ಇತ್ರಿ" ಎಂದರು ಆಕೆ. ಮೈದುನ ಘಟಕದೊಳಗೆ ಹೋಗಿ ಪೊರೆ, ಪಂಪು ಎಲ್ಲ ನೋಡಿ ಬಂದ. ಆಮೇಲೆ ಗಾಡಿಗೆ ಆರ್‌ಒ ಬೇಕೆಂಬ ಮಾತು ಎತ್ತಲಿಲ್ಲ. ನೆರೆಯ ತೆಲಂಗಾಣದ ನಲ್ಗೊಂಡದ ಹೆಸರಿನಲ್ಲಿ ಫ್ಲೋರೈಡ್ ತೆಗೆಯುವ ಅಗ್ಗದ ವಿಧಾನವೊಂದಿದೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದು. ಅಲ್ಲೂ ಬರುವುದು ಅತ್ತೆಯ ಪಟಿಕವೇ. ಜೊತೆಗೆ ಸುಣ್ಣ, ಬ್ಲೀಚಿಂಗ್ ಪೌಡರ್. ಆದರೆ ನೀರನ್ನು ಅಳೆದು, ಮದ್ದನ್ನೂ ಅಳೆದೇ ಹಾಕಬೇಕು, ಕೈಯಳತೆ ನಡೆಯುವುದಿಲ್ಲ.

ಸುರಪುರ ಗುಡ್ಡಗಳ ನಡುವಿನ ಊರು. 1705ರಲ್ಲಿ ಔರಂಗಜೇಬನ ಸೈನ್ಯ ವಾಗಿನಗೇರಿ ಕೋಟೆಯನ್ನು ಹಿಡಿದ ಮೇಲೆ ಬೇಡ ನಾಯಕರ ರಾಜಧಾನಿಯಾಗಿ ಬೆಳೆಯಿತು. 1857–58ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕನ ಊರು. ಅವನು ಚಿಕ್ಕವನಿದ್ದಾಗ ಸಂಸ್ಥಾನ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರನ ಬಂಗಲೆ ಈಗಲೂ ಗುಡ್ಡದ ಮೇಲಿದೆ, ಟೇಲರ್ ಮಂಜಿಲ್ ಎಂದರೆ ಯಾರೂ ದಾರಿ ತೋರಿಸುತ್ತಾರೆ. ಅಲ್ಲಿಂದ ಊರಿನ ನೋಟ ಬಹಳ ಚೆಂದ.

ಇದೇ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರಿನ ನೀರಿನಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಪತ್ತೆಯಾಗಿತ್ತು. ಚಿನ್ನದ ಗಣಿಯಿದ್ದ ಪ್ರದೇಶ ಅದು. ಜನರ ಚರ್ಮದ ಮೇಲೆ ಕಲೆ, ಗಂಟುಗಳು ಎದ್ದಿದ್ದವು. ಆರ್ಸೆನಿಕ್ಕಿನ ಮಿತಿ ಲೀಟರಿಗೆ ಬರೀ 0.01 ಮಿಲಿಗ್ರಾಮ್, ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಗಳು ಅಲ್ಲಿಗೂ ಹೋಗೋಣವೆಂದಳು. ಪ್ರವಾಸಿಗರು ಹೋಗಿ ನೋಡುವ ಜಾಗ ಅದಲ್ಲವೆಂದು ಬೋನಾಳ ಕೆರೆಗೆ ಹೋದೆವು. ನಾಯಕ ಅರಸರ ಕಾಲದ ಕೆರೆ, ಈಗ ಪಕ್ಷಿಧಾಮ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯಲು ಇಲ್ಲಿಗೂ ಬರುತ್ತವೆ. ಕೆರೆ ದಂಡೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿಚ್ಚಿದೆವು. ಕುಡಿಯಲು ಐದು ರೂಪಾಯಿಯ ಕ್ಯಾನಿನ ನೀರು.

ಕೊನೆಯ ದಿನ ತಿಂಥಣಿ. ಕೃಷ್ಣೆಯ ದಂಡೆಯ ಮೇಲೆ ಮೌನೇಶ್ವರರ ಗುಡಿ. ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ನಡೆದುಕೊಳ್ಳುವ ಸ್ಥಳ. ನದಿಗಿಳಿಯುವ ಮುಂಚೆ ಮೈದುನ ಫಿಲ್ಟರಿನ ಮೊದಲ ಬಟ್ಟಲು ಬಿಚ್ಚಿ ಮಕ್ಕಳಿಗೆ ತೋರಿಸಿದ. ನಾಲ್ಕು ದಿನದ ಹಿಂದೆ ಹಾಲಿನಂತಿದ್ದ ನೂಲು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮಗಳು ಅದನ್ನು ನೋಡಿ, "ಇದು ಕಾಣೋ ಹೊಲಸು ಅಲ್ಲ ಕಾಕಾ, ಕಾಣದಿದ್ದದ್ದು ಎಲ್ಲಿ ಹೋಯ್ತು?" ಎಂದಳು. ಅದು ಪಾತ್ರೆ ತೊಳೆದ ನೀರಿನೊಂದಿಗೆ ಹೋಯಿತು ಎಂದ ಅವನು. ಹೊಸ ನೂಲು ಹಾಕಿ ಬಿಗಿದು, ಟ್ಯಾಂಕಿನ ತಳದ ನಲ್ಲಿ ತೆರೆದು ಉಳಿದ ನೀರನ್ನು ಗಿಡಗಳ ಬುಡಕ್ಕೆ ಬಿಟ್ಟೆವು.

ಅತ್ತೆ ಅಷ್ಟರಲ್ಲಿ ಹಿತ್ತಾಳೆ ಗಿಂಡಿಯಲ್ಲಿ ಕೃಷ್ಣೆಯ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತಂದರು. ದೇವರ ಜಗುಲಿಯ ಮೇಲೆ ಇಡಲು. ಮೈದುನ ಮೀಟರು ತೆಗೆದದ್ದನ್ನು ಕಂಡು ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಇದಕ್ಕ ಹಚ್ಚಬ್ಯಾಡ ನಿನ್ನ ಪೆನ್ನು."