ಎಂಟು ಸೆಲೆನಿಯಮ್ ಫಲಕಗಳು

ಸರ್ಕಾರಿ ಕಡತಗಳಲ್ಲಿ ‘ರೆಕ್ಟಿಫೈ’ ಎಂಬ ಮಾತು ದಿನಕ್ಕೆ ಹತ್ತು ಬಾರಿಯಾದರೂ ಬರುತ್ತದೆ. ತಪ್ಪನ್ನು ತಿದ್ದಿ ಕಳುಹಿಸಿ ಎಂದು ಅದರರ್ಥ. ಬ್ಯಾಟರಿ ಚಾರ್ಜರಿನೊಳಗೆ ಕುಳಿತ ರೆಕ್ಟಿಫೈಯರ್ ಯಾರ ತಪ್ಪನ್ನೂ ತಿದ್ದುವುದಿಲ್ಲ. ಸೆಕೆಂಡಿಗೆ 50 ಆವರ್ತದಂತೆ ಹಿಂದೆ ಮುಂದೆ ತೂಗಾಡುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವುದಷ್ಟೇ ಅದರ ಕೆಲಸ. ಅದು ಕೆಟ್ಟರೆ ಟ್ರಾನ್ಸ್‌ಫಾರ್ಮರ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಬ್ಯಾಟರಿಗೆ ಪ್ರಯೋಜನವಿಲ್ಲ.

ನಾವೆಂದರೆ ಅಣ್ಣತಮ್ಮಂದಿರಿಬ್ಬರು. ಕಿರಿಯವನು ಇಂಗ್ಲಿಷ್ ಎಂ.ಎ. ಮುಗಿಸಿ ಕೇಂದ್ರ ಸರ್ಕಾರದ ನೌಕರಿ ಹಿಡಿದು ಮುಂಬಯಿ ಸೇರಿದವನು. ಹಿರಿಯವನದು ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸ. ರಾಣೆಬೆನ್ನೂರಿನಲ್ಲಿ ಅಪ್ಪನಿಗೆ ಬ್ಯಾಟರಿ ಚಾರ್ಜ್ ಮಾಡಿಕೊಡುವ ಅಂಗಡಿಯಿತ್ತು. ಸಂಜೆಯಾದರೆ ಟ್ರ್ಯಾಕ್ಟರು, ಲಾರಿಗಳ ಬ್ಯಾಟರಿಗಳು ಬಂದು ಸಾಲಾಗಿ ಕೂರುತ್ತಿದ್ದವು. ಯಾವುದು ಯಾರದೆಂದು ತಿಳಿಯಲು ಪ್ರತಿಯೊಂದರ ಮೇಲೂ ಅಪ್ಪ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಆಮ್ಲದ ಹನಿ ಸಿಡಿದು ಸಿಡಿದು ಅವರ ಧೋತರಗಳೆಲ್ಲ ಜರಡಿಯಾಗಿದ್ದವು. ಅವರು ಹೋದ ಮೇಲೆ ಅಂಗಡಿ ಪರರ ಪಾಲಾಯಿತು. ಅವ್ವ ಮುಂಬಯಿಯ ಸರ್ಕಾರಿ ವಸತಿಗೃಹಕ್ಕೆ ಬಂದರು. ಅವರೊಡನೆ ರಾತ್ರಿಯ ಬಸ್ಸಿನಲ್ಲಿ ಅಪ್ಪನ ಅತಿ ಹಳೆಯ ಚಾರ್ಜರೂ ಬಂತು.

ಮುಚ್ಚಳ ತೆಗೆದು ನೋಡಿದರೆ ಒಳಗೆ ಸೆಲೆನಿಯಮ್ ರೆಕ್ಟಿಫೈಯರ್. ಇಂದಿನ ಹುಡುಗರು ಇದನ್ನು ಕಂಡಿರಲಾರರು. ಒಂದೇ ಬೋಲ್ಟಿಗೆ ಪೋಣಿಸಿದ ಎಂಟು ಚೌಕ ಲೋಹದ ಫಲಕಗಳು, ನಡುನಡುವೆ ಗಾಳಿಯಾಡಲು ಸಂದು. ಫಲಕದ ಮೇಲೆ ತೆಳುವಾಗಿ ಲೇಪಿಸಿದ ಸೆಲೆನಿಯಮ್ಮೇ ಕಾವಲುಗಾರ. ಸಿಲಿಕಾನ್ ಡಯೋಡುಗಳು ಅಗ್ಗವಾಗುವ ಮೊದಲು ರೇಡಿಯೋ, ಟಿವಿ, ಚಾರ್ಜರುಗಳಲ್ಲಿ ಇದು ಸಾಮಾನ್ಯವಾಗಿತ್ತು. ಸಿಲಿಕಾನ್ ಡಯೋಡ್ ಸಾಯುವುದು ಒಂದೇ ಕ್ಷಣದಲ್ಲಿ, ಅನೇಕ ಸಲ ಯಾರೋ ಬ್ಯಾಟರಿಯ ಕ್ಲಿಪ್ಪುಗಳನ್ನು ತಿರುವುಮುರುವಾಗಿ ಸಿಕ್ಕಿಸಿದ್ದರಿಂದ. ಸೆಲೆನಿಯಮ್ ಮುಪ್ಪಾಗುತ್ತದೆ. ವರ್ಷಗಳು ಕಳೆದಂತೆ ಅದರ ರೋಧ ಏರುತ್ತದೆ, ಹೊರಬರುವ ವಿದ್ಯುತ್ತು ಇಳಿಯುತ್ತದೆ. ನಮ್ಮದರಲ್ಲಿ ಟ್ರಾನ್ಸ್‌ಫಾರ್ಮರ್ ಹಿಂದಿನಂತೆಯೇ ಗುಂಯ್‌ಗುಟ್ಟಿತು. ಆಂಪಿಯರ್ ಮೀಟರಿನ ಮುಳ್ಳು ಮಾತ್ರ ಒಂದರ ಗೆರೆಯನ್ನೂ ಮುಟ್ಟಲಿಲ್ಲ.

ಇಲ್ಲಿ ನಮ್ಮಲ್ಲಿ ಜಗಳ ಹುಟ್ಟಿತು. ಆ ಫಲಕಗಳನ್ನು ಕಿತ್ತರೆ ಉಳಿಯುವುದು ಅಪ್ಪನ ಚಾರ್ಜರಲ್ಲ, ಬರೀ ತಗಡಿನ ಡಬ್ಬಿ ಎಂದು ಹಿರಿಯವನ ವಾದ. ಕಿರಿಯವನ ಭಯ ಬೇರೆ. ಸೆಲೆನಿಯಮ್ ಸುಟ್ಟರೆ ಹೊರಡುವುದು ಕೊಳೆತ ಮೂಲಂಗಿಯಂಥ ನಾತ, ಮತ್ತದು ವಿಷ. ಎರಡು ಕೋಣೆಯ ಮನೆ, ಅವ್ವನಿಗೆ ಉಬ್ಬಸ. ಒಂದು ವಾರ ಫೋನಿನಲ್ಲಿ ಬೇರೆ ಮಾತೇ ಇರಲಿಲ್ಲ. ಕೊನೆಗೆ ಫಲಕಗಳು ಇದ್ದಲ್ಲಿಯೇ ಇರಲಿ, ತಂತಿಗಳನ್ನಷ್ಟೇ ಬಿಡಿಸಿ ಕೆಳಗೆ ಸಿಲಿಕಾನ್ ಬ್ರಿಡ್ಜ್ ಕೂರಿಸೋಣ ಎಂದು ಒಪ್ಪಿದೆವು.

ಬ್ರಿಡ್ಜ್ ಬೆಸೆದರೆ ಕೆಲಸ ಮುಗಿಯಿತೆಂದು ತಿಳಿಯುವ ರಿಪೇರಿಗಾರರು ಬಹಳ ಮಂದಿ. ಬ್ಯಾಟರಿ ಕುದಿಸುವವರು ಇವರೇ ಎಂಬುದು ನಮ್ಮ ದೂರು. ನಮ್ಮ ಚಾರ್ಜರಿನಲ್ಲಿ ವಿದ್ಯುತ್ತು ಒಂದು ಸಲಕ್ಕೆ ನಾಲ್ಕು ಫಲಕಗಳನ್ನು ಹಾಯಬೇಕಿತ್ತು. ಫಲಕ ಹೊಸದಿದ್ದಾಗಲೂ ಒಂದೊಂದರಲ್ಲಿ ಸುಮಾರು 1 ವೋಲ್ಟ್ ನಷ್ಟ, ಒಟ್ಟು 4. ಸಿಲಿಕಾನ್ ಬ್ರಿಡ್ಜಿನಲ್ಲಿ ಹಾಯಬೇಕಾದದ್ದು ಎರಡೇ ಡಯೋಡು. ನಷ್ಟ 2 ವೋಲ್ಟಿಗೂ ಕಡಿಮೆ. ಉಳಿದ ಎರಡು ವೋಲ್ಟ್ ಲಾಭವೆನ್ನುವಂತಿಲ್ಲ. 12 ವೋಲ್ಟಿನ ಸೀಸದ ಬ್ಯಾಟರಿ 14.4 ದಾಟಿತೆಂದರೆ ಒಳಗಿನ ನೀರು ಜಲಜನಕ, ಆಮ್ಲಜನಕವಾಗಿ ಒಡೆಯುವುದು ಜೋರಾಗುತ್ತದೆ. ಆ ಚಾರ್ಜರನ್ನು ಕಟ್ಟಿದವರು ಸೆಲೆನಿಯಮ್ಮಿನ ನಷ್ಟವನ್ನೂ ಲೆಕ್ಕದಲ್ಲಿ ಸೇರಿಸಿಯೇ ಟ್ರಾನ್ಸ್‌ಫಾರ್ಮರ್ ಸುತ್ತಿಸಿದ್ದರು. ಹೊಸ ಬಿಡಿಭಾಗ ಹಳೆಯದಕ್ಕಿಂತ ಉತ್ತಮವಾದದ್ದೇ ಇಲ್ಲಿ ತೊಡಕು. ಆದ್ದರಿಂದ ಹೋದ ನಷ್ಟವನ್ನು ನಾವೇ ಮರಳಿ ತರಬೇಕಾಯಿತು: ಸಾಲಿನಲ್ಲಿ 0.47 ಓಮಿನ ಒಂದು ರೆಸಿಸ್ಟರ್. 5 ಆಂಪಿಯರ್ ಹರಿದಾಗ ಅದು 2.35 ವೋಲ್ಟ್ ನುಂಗುತ್ತದೆ, 12 ವಾಟಿನಷ್ಟು ಬಿಸಿಯಾಗುತ್ತದೆ. ಅದಕ್ಕಾಗಿ 50 ವಾಟಿನದನ್ನೇ ಆರಿಸಿದೆವು.

ಇವೆಲ್ಲ ದೊರೆತದ್ದು ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಬಳಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಚೆನ್ನೈಯವರಿಗೆ ರಿಚಿ ಸ್ಟ್ರೀಟ್ ಇದ್ದಂತೆ ನಮಗೆ ಇದು. 35 ಆಂಪಿಯರಿನ ಬ್ರಿಡ್ಜನ್ನು ದಪ್ಪ ಅಲ್ಯೂಮಿನಿಯಮ್ ತಗಡಿಗೆ ಬಿಗಿದು, ಕ್ಲಿಪ್ಪು ತಿರುಗಿಸಿ ಹಾಕುವವರ ನೆನಪಿನಲ್ಲಿ 10 ಆಂಪಿಯರಿನ ಫ್ಯೂಸನ್ನೂ ಸೇರಿಸಿದೆವು.

ಹಿರಿಯವನು ಪುಣೆಯಿಂದ ಬಂದ ಶನಿವಾರ, ಬಾಲ್ಕನಿಯಲ್ಲಿ ನೆರೆಯವರ ಹಳೆಯ ಕಾರಿನ ಬ್ಯಾಟರಿಗೆ ಜೋಡಿಸಿದೆವು. ಮುಳ್ಳು ಐದರ ಬಳಿ ನಿಂತಿತು. ಸದ್ದು ಕೇಳಿ ಅವ್ವ ಒಳಗಿನಿಂದ ಎದ್ದು ಬಂದು ಬಗ್ಗಿ ನೋಡಿದರು. “ಯಾರದಪಾ ಇದು ಬ್ಯಾಟರಿ? ಹೆಸರ ಬರದಿಲ್ಲಲ್ಲ?” ಎಂದರು. ಮನೆಯಲ್ಲಿ ಸೀಮೆಸುಣ್ಣವಿರಲಿಲ್ಲ, ಮಕ್ಕಳ ಬಣ್ಣದ ಪೆನ್ಸಿಲಿನಿಂದ ನೆರೆಯವರ ಹೆಸರು ಬರೆದೆವು. ಬೆಳಗಿನ ಜಾವಕ್ಕೆ ಮುಳ್ಳು ಒಂದಕ್ಕೆ ಇಳಿದಿತ್ತು, ಬ್ಯಾಟರಿ ಬೆಚ್ಚಗಿತ್ತೇ ಹೊರತು ಕುದಿದಿರಲಿಲ್ಲ.

ಚಾರ್ಜರ್ ಈಗ ಆರು ತಿಂಗಳು ಮುಂಬಯಿಯಲ್ಲಿ, ಆರು ತಿಂಗಳು ಪುಣೆಯಲ್ಲಿ. ಅದು ಅಪ್ಪನದೇ ಹೌದೋ ಅಲ್ಲವೋ ಎಂಬ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ.