ಒಂದು ಗೇಣು ಎಡಕ್ಕೆ

ಟೆಕ್ಸಾಸಿನ ಒಂದು ಗನ್ ಶೋನಲ್ಲಿ ಹಳೆಯ ಮಿಲಿಟರಿ ರೈಫಲ್‌ಗಳ ಸಾಲು ನೋಡುತ್ತ ಹೋಗುತ್ತಿದ್ದವನು ಒಂದರ ಮುಂದೆ ನಿಂತುಬಿಟ್ಟೆ. ಹಿಡಿಯ ಹತ್ತಿರದ ಉಕ್ಕಿನ ಮೇಲೆ ‘ಆರ್.ಎಫ್.ಐ.’, ‘2ಎ1’, 1966. ಇಶಾಪುರದ್ದು! 1962ರ ಚೀನಾ ಯುದ್ಧದ ಪೆಟ್ಟು ತಿಂದ ಮೇಲೆ, ಹಳೆಯ ಲೀ-ಎನ್‌ಫೀಲ್ಡಿನ ಅಚ್ಚನ್ನೇ ಇಟ್ಟುಕೊಂಡು, ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62 ಗುಂಡಿಗೆ ಹೊಂದುವಂತೆ ನಮ್ಮವರು ಕೋಲ್ಕತ್ತದ ಹತ್ತಿರ ಮಾಡಿದ ರೈಫಲ್. ಚಿಕ್ಕಂದಿನಲ್ಲಿ ತಾಲ್ಲೂಕು ಖಜಾನೆಯ ಮುಂದೆ ಪೇದೆಯ ಹೆಗಲಲ್ಲಿ ಕಂಡಿದ್ದ ತ್ರೀ ನಾಟ್ ತ್ರೀಯ ತಮ್ಮ ಇದು. ಪಕ್ಕದಲ್ಲಿದ್ದ ರಷ್ಯದ ಮೋಸಿನ್ ಇದಕ್ಕಿಂತ ಅಗ್ಗವಿತ್ತು. ನಾನು ಅದರತ್ತ ತಿರುಗಿಯೂ ನೋಡಲಿಲ್ಲ.

ಮೊದಲ ಭಾನುವಾರವೇ ರೇಂಜಿಗೆ ಹೋದೆ. ನೂರು ಗಜದಲ್ಲಿ ಐದು ಗುಂಡು, ಐದೂ ಒತ್ತೊತ್ತಾಗಿ ಬಿದ್ದವು. ಆದರೆ ನಡುವಿನಿಂದ ಸರಿಯಾಗಿ ಒಂದು ಗೇಣು ಎಡಕ್ಕೆ. ಕೈ ಇಟ್ಟು ಅಳೆದೆ. ರೈಫಲ್ ಮಾತು ತಪ್ಪಿರಲಿಲ್ಲ, ಅದರ ದೃಷ್ಟಿ ಮಾತ್ರ ಓರೆಯಾಗಿತ್ತು.

ಈ ಜಾತಿಯ ರೈಫಲ್‌ನಲ್ಲಿ ಎತ್ತರವನ್ನು ಹಿಂದಿನ ಸೈಟಿನಲ್ಲಿ ಸರಿಪಡಿಸಬಹುದು. ಅಕ್ಕಪಕ್ಕದ ತಪ್ಪಿಗೆ ಮುಂದಿನದನ್ನೇ, ಎನ್‌ಸಿಸಿಯಲ್ಲಿ ನಾವು ‘ಫೋರ್‌ಸೈಟ್’ ಎನ್ನುತ್ತಿದ್ದ ಆ ಪುಟ್ಟ ಅಲಗನ್ನೇ, ಸರಿಸಬೇಕು. ಗುಂಡು ಹೋದ ದಿಕ್ಕಿಗೇ ಅದೂ ಹೋಗಬೇಕು. ಬುಡ ಅಗಲ, ಬಾಯಿ ಕಿರಿದಾದ ಕಚ್ಚಿನಲ್ಲಿ ಅದು ಬಿಗಿಯಾಗಿ ಕೂತಿರುತ್ತದೆ. ಎರಡೂ ಕಡೆ ಕಾವಲಿಗೆ ಕಿವಿಗಳಂತೆ ಎದ್ದ ಉಕ್ಕಿನ ರೆಕ್ಕೆಗಳು. ಯುದ್ಧದಲ್ಲಿ ಅಲಗನ್ನು ಕಾಯುವ ಆ ಕಿವಿಗಳೇ ಈಗ ನನ್ನನ್ನು ಹತ್ತಿರ ಬಿಡಲೊಲ್ಲವು. ಹಿತ್ತಾಳೆಯ ಪಂಚನ್ನು ಓರೆಯಾಗಿ ಹಿಡಿದು ಸುತ್ತಿಗೆಯಿಂದ ಒಂದೇಟು ಕೊಟ್ಟೆ. ಪಂಚು ಜಾರಿ ಕಿವಿಯ ಮೇಲೆ ಗೀರಿತು. ಅರವತ್ತು ವರ್ಷ ಎಷ್ಟೋ ಕೈ ದಾಟಿ ಬಂದ ವಸ್ತುವಿಗೆ ನನ್ನಿಂದಾದ ಆ ಗೀರು ಈಗಲೂ ನೋಯುತ್ತದೆ. ಆಮೇಲೆ ತರಿಸಿದ ಉಪಕರಣ ಇದರ ದಾಯಾದಿ ನಂಬರ್ 4 ರೈಫಲ್ಲಿಗೆ ಮಾಡಿದ್ದು. ಅದರ ದವಡೆಯೊಳಗೆ ನಮ್ಮ ಇಶಾಪುರದ ಮೂತಿ ಹಿಡಿಸಲೇ ಇಲ್ಲ.

ರಾತ್ರಿ ಬೆಂಗಳೂರಿಗೆ ಫೋನು ಮಾಡಿದಾಗ ಅಪ್ಪನ ಹತ್ತಿರ ಹೇಳಿಕೊಂಡೆ. ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. “ಯಾಕೋ ಹೊಡೀತೀಯ? ಒತ್ತು. ಹೊಡೆದ್ರೆ ಎಷ್ಟು ಹೋಗುತ್ತೆ ಅಂತ ಸುತ್ತಿಗೆಗೆ ಗೊತ್ತಾಗಲ್ಲ ಕಣೋ, ತಿರುಪಿಗೆ ಗೊತ್ತಾಗುತ್ತೆ” ಅಂದರು.

ದಪ್ಪ ಉಕ್ಕಿನ ಪಟ್ಟಿಯಿಂದ ಕಿವಿಗಳನ್ನು ತಬ್ಬುವಂಥ ಒಂದು ಕೊಂಡಿ ಮಾಡಿದೆ. ಅದರ ಒಂದು ತೋಳಿಗೆ ತೂತು ಕೊರೆದು, ತಿರುಪಿನ ಮರೆ ಹಾಕಿ, 6 ಮಿಲಿಮೀಟರಿನ ಬೋಲ್ಟು ತೂರಿಸಿದೆ. ಬೋಲ್ಟಿನ ತುದಿಗೆ ಅಲಗಿನ ಪಾದವನ್ನಷ್ಟೇ ಮುಟ್ಟುವ ಹಿತ್ತಾಳೆಯ ನಾಲಗೆ. ಈ ಬೋಲ್ಟು ಒಂದು ಸುತ್ತು ತಿರುಗಿದರೆ ಒಂದು ಮಿಲಿಮೀಟರ್ ಮುಂದೆ ಹೋಗುತ್ತದೆ. ಎರಡು ಸೈಟುಗಳ ನಡುವೆ ಸುಮಾರು 49 ಸೆಂಟಿಮೀಟರ್; ಗುರಿ 91 ಮೀಟರ್ ಆಚೆ. ಹಾಗಾಗಿ ಇಲ್ಲಿ ಒಂದು ಮಿಲಿಮೀಟರ್ ಸರಿದರೆ ಅಲ್ಲಿ ಹದಿನೆಂಟೂವರೆ ಸೆಂಟಿಮೀಟರ್. ನನ್ನ ಗೇಣಿಗೆ ಒಂದು ಸುತ್ತು, ಮೇಲೊಂದಿಷ್ಟು. ಬರೆದ ಲೆಕ್ಕವನ್ನು ಮತ್ತೆ ಮತ್ತೆ ಓದಿದೆ, ಅಷ್ಟು ಖುಷಿ.

ರೈಫಲ್ಲಿನ ಬೋಲ್ಟ್ ಕಳಚಿ, ಮ್ಯಾಗಜಿನ್ ತೆಗೆದು, ನಳಿಗೆಯೊಳಗೆ ಬೆಳಕು ಹಾಯುವುದನ್ನು ನೋಡಿಕೊಂಡೆ. ಕಚ್ಚಿಗೆ ಎರಡು ಹನಿ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಟ್ಟೆ. ಬೆಳಿಗ್ಗೆ ಸ್ಪ್ಯಾನರ್ ಹಿಡಿದು ತಿರುಗಿಸಿದರೆ ಮೊದಲು ಏನೂ ಇಲ್ಲ, ಬರೀ ಬಿಗಿ. ಇನ್ನೊಂಚೂರು ಬಿಗಿ. ಆಮೇಲೆ ‘ಟಿಕ್’. ಕಿವಿಗಿಂತ ಮೊದಲು ಮಣಿಕಟ್ಟಿಗೆ ತಿಳಿಯುವಂಥ ಸದ್ದು. ಅಲ್ಲಿಂದ ಕಾಲು ಸುತ್ತು, ನಿಲುಗಡೆ. ಕಾಲು ಸುತ್ತು, ನಿಲುಗಡೆ. ಬೆಣ್ಣೆಯೊಳಗೆ ಅಲ್ಲದಿದ್ದರೂ ಗಟ್ಟಿ ಬೆಲ್ಲದೊಳಗೆ ಸರಿದಂತೆ ಅಲಗು ಸರಿಯಿತು. ರೇಂಜಿನಲ್ಲಿ ಇನ್ನೆರಡು ಬಾರಿ ಕೂದಲೆಳೆಯಷ್ಟು ತಿದ್ದಿದ ಮೇಲೆ ಐದು ಗುಂಡುಗಳು ನಡುವಿನ ಕಪ್ಪು ಚುಕ್ಕಿಯನ್ನು ಹಂಚಿಕೊಂಡವು.

ಅಲಗು ನಿಂತ ಜಾಗದಲ್ಲಿ ಗುರುತಿನ ಗೆರೆ ಕೊರೆಯುವುದು ಬಂದೂಕು ದುರಸ್ತಿ ಮಾಡುವ ಆರ್ಮರರ್‌ಗಳ ಪದ್ಧತಿ. ಸಂಜೆ ದೀಪದ ಕೆಳಗೆ ಭೂತಗನ್ನಡಿ, ಕೊರೆಯುವ ಸೂಜಿ ಹಿಡಿದು ಕೂತೆ. ಅಲಗಿನ ಪಾದದ ಮೇಲೆ ಮೊದಲೇ ಒಂದು ಸಣ್ಣ ಗೀರು ಕಂಡಿದ್ದೆ. ಯಾರೋ ಉಜ್ಜಿರಬೇಕು ಎಂದು ಬಿಟ್ಟಿದ್ದೆ. ಕೆಳಗಿನ ಕಟ್ಟೆಯ ಮೇಲೂ ಅಂಥದ್ದೇ ಒಂದಿತ್ತು. ಈಗ ಅವೆರಡೂ ಕೂಡಿ ಒಂದೇ ನೇರ ಗೆರೆಯಾಗಿದ್ದವು.

ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ.