ಶಟಪ್ ಮೆಗ್!

ರಾತ್ರಿ ಮೆಸ್ ಊಟ ಮುಗಿಸಿ, ಐದು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು 'ಫ್ಯಾಮಿಲಿ ಗೈ' ನೋಡೋದು ನಮ್ಮ ರೂಮಿನ ಪದ್ಧತಿ. ಅದರಲ್ಲಿ ಗ್ರಿಫಿನ್ ಮನೆಯ ಮಗಳು ಮೆಗ್ ಬಾಯಿ ತೆರೆದರೆ ಸಾಕು, "ಶಟಪ್ ಮೆಗ್!" ಅಂತ ಮನೆಯವರೇ ಬಾಯಿ ಮುಚ್ಚಿಸ್ತಾರೆ. ನಾವು ಬಿದ್ದು ಬಿದ್ದು ನಗ್ತಿದ್ವಿ.

ನಮ್ಮಲ್ಲೂ ಒಬ್ಬ ಮೆಗ್ ಇದ್ದ. ಮೆತ್ತಗೆ ಮಾತಾಡೋ ಹುಡುಗ. ಅವನು ಏನು ಹೇಳಿದರೂ ನಾವು ನಾಲ್ವರು ಒಟ್ಟಿಗೆ "ಶಟಪ್ ಮೆಗ್!" ಅಂತಿದ್ವಿ. ಅವನೂ ನಗ್ತಿದ್ದ.

1999ರಲ್ಲಿ ಸರಣಿ ಶುರುವಾದಾಗ ಮೆಗ್ ಹೀಗಿರಲಿಲ್ಲ. ಶಾಲೆಯಲ್ಲಿ ನಾಲ್ಕು ಜನ ತನ್ನನ್ನು ಮೆಚ್ಚಲಿ ಅಂತ ಒದ್ದಾಡೋ ಸಾಮಾನ್ಯ ಹುಡುಗಿ. ಎರಡನೇ ಸೀಸನ್‌ನಿಂದ ಲೇಸಿ ಶಾಬೇರ್ ಬದಲು ಮಿಲಾ ಕುನಿಸ್ ಧ್ವನಿ ಬಂತು. ವರ್ಷ ಕಳೆದಂತೆ ಅವಳು ಪಾತ್ರ ಅನ್ನೋದಕ್ಕಿಂತ ಎಲ್ಲರ ಜೋಕಿಗೆ ಗುರಿಯಾದಳು. 2010ರ ಒಂದು ಕಂತಿನಲ್ಲಿ ಜೈಲಿಗೆ ಹೋಗಿ ಒರಟಾಗಿ ವಾಪಸ್ ಬಂದು, ಮನೆಯವರನ್ನೇ ನಡುಗಿಸ್ತಾಳೆ. ಆ ಬದಲಾವಣೆ ಉಳಿಯಲಿಲ್ಲ.

2011ರ ಕಂತು ಬೇರೆಯೇ. ಹೊರಗೆ ಚಂಡಮಾರುತ, ಒಳಗೆ ಮೆಗ್. ತಮ್ಮ, ಅಮ್ಮ, ಅಪ್ಪ ಒಬ್ಬೊಬ್ಬರಿಗೂ ಮುಖಕ್ಕೆ ಹೊಡೆದ ಹಾಗೆ ಸತ್ಯ ಹೇಳ್ತಾಳೆ. ಆದರೆ ಬೈಯೋಕೆ ಮೆಗ್ ಸಿಗದೆ ಹೋದಾಗ ಮನೆಯವರು ತಮ್ಮತಮ್ಮಲ್ಲೇ ಕಿತ್ತಾಡ್ತಾರೆ. ಅದನ್ನು ನೋಡಿ ಅವಳು, ಈ ಮನೆಗೆ ಒಂದು ಲೈಟ್ನಿಂಗ್ ರಾಡ್ ಬೇಕು, ಅದು ನಾನೇ ಅಂತ ತೀರ್ಮಾನಿಸಿ, ಎಲ್ಲರ ಕ್ಷಮೆ ಕೇಳಿ ಹಳೇ ಜಾಗಕ್ಕೆ ಮರಳ್ತಾಳೆ.

"ಎಷ್ಟು ಮೆಚ್ಯೂರ್ ಆಗ್ಬಿಟ್ಲಲ್ಲೋ!" ಅಂದ ನಮ್ಮಲ್ಲೊಬ್ಬ.

"ಮೆಚ್ಯೂರೂ ಇಲ್ಲ, ಏನೂ ಇಲ್ಲ ಕಣ್ರೋ. ಸುಸ್ತಾಗಿದಾಳೆ ಅಷ್ಟೇ," ಅಂದ ನಮ್ಮ ಮೆಗ್. ಅವನು ನಗಲಿಲ್ಲ. ನಾವು ಯಾರೂ "ಶಟಪ್" ಅನ್ನಲೂ ಇಲ್ಲ.

ಇಂಟರ್ನಲ್ಸ್ ಕೆಟ್ಟಾಗ, ಮನೆಯಿಂದ ಫೋನಲ್ಲಿ ಬೈಸ್ಕೊಂಡಾಗ, ನಮ್ಮ ಸಿಟ್ಟೆಲ್ಲ ಇಳಿದದ್ದು ಅವನ ಮೇಲೇ. ಅವನಿದ್ದಿದ್ದಕ್ಕೇ ನಾವು ನಾಲ್ವರು ಒಬ್ಬರಿಗೊಬ್ಬರು ಜಗಳವಾಡಿರಲಿಲ್ಲ. ಅದನ್ನೇ ಫ್ರೆಂಡ್‌ಶಿಪ್ ಅಂದ್ಕೊಂಡಿದ್ವಿ.

ಮೆಗ್ ಬದಲಾಗೋಕೆ ಪ್ರಯತ್ನ ಪಟ್ಟಳು. ಬದಲಾಗಬೇಕಿದ್ದವರು ಉಳಿದವರು.

ಈಗ ಅವನನ್ನು ಅವನ ಹೆಸರಿಂದಲೇ ಕರೀತೀವಿ. ಹೋದ ವಾರ ಫ್ಯಾನ್ ವಿಷಯಕ್ಕೆ ನಾವು ನಾಲ್ವರೂ ಜೋರಾಗಿ ಜಗಳ ಆಡಿದ್ವಿ. ಅವನು ಮೂಲೇಲಿ ಆರಾಮಾಗಿ ಕೂತು ಮ್ಯಾಗಿ ತಿಂತಿದ್ದ.